ಭಯಾನಕರಸವೂ ಪಾಶ್ಚಾತ್ಯರ ಅದ್ಭುತ ಕಾದಂಬರಿಗಳೂ

ಪಾಶ್ಚಾತ್ಯರಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಬೆಳೆದ ಭೀಕರ ಕಾದಂಬರಿಗಳೂ ವಿಜ್ಞಾನಮೂಲವಾದ ಅದ್ಭುತ ಕಾದಂಬರಿಗಳೂ ಈಚೆಗೆ ಕನ್ನಡನಾಡಿನ ಸಣ್ಣ ಊರುಗಳ ವಾಚಕರ ಕೈಗೂ ಬಂದಿವೆ. ಶಿವಮೊಗ್ಗೆಯಿಂದ ಶಿಕಾರಿಪುರಕ್ಕೆ ಹೋಗುವ ಮಾರ್ಗದಲ್ಲಿರುವ ಸವಳಂಗದಂತಹ ಊರಿನ ವಿದ್ಯಾರ್ಥಿಯು ಮೇರಿ ಶೆಲ್ಲಿಯ ‘ಫ್ರಾಂಕೆನ್‌ಸ್ಟೈನ್’ ಕಾದಂಬರಿಯನ್ನು ಓದಬೇಕಾದರೆ ಪಟ್ಟಣದ ಪುಸ್ತಕಭಂಡಾರವನ್ನು ಅರಸಿ ಹೋಗಬೇಕಾಗಿಲ್ಲ. ಗ್ರಂಥಸ್ವಾಮ್ಯದ ಅವಧಿ ಕಳೆದ ಇಂತಹ ಕೃತಿಗಳು ಅಂಗೈಯಗಲದ ದೂರವಾಣಿಯಲ್ಲಿಯೇ ದೊರೆಯುತ್ತವೆ. ಹೀಗೆ ಇವನ್ನು ಹೊಸದಾಗಿ ಕಂಡುಕೊಂಡ ವಾಚಕನು ಉಪಾಧ್ಯಾಯರನ್ನು ಕೇಳುವ ಪ್ರಶ್ನೆಯು ಸಹಜವಾದುದು: ಇವು ಸಾಹಿತ್ಯವೋ, ಹೊತ್ತುಗಳೆಯುವ ಕಥೆಗಳೋ?

ಇದಕ್ಕೆ ಎರಡು ಬಗೆಯ ಉತ್ತರಗಳು ರೂಢಿಯಲ್ಲಿವೆ. ಹೆದರಿಸುವುದೇ ಪ್ರಯೋಜನವಾಗಿ ಉಳ್ಳ ಗ್ರಂಥವು ಕಾವ್ಯವೆನಿಸಲಾರದೆಂಬುದು ಒಂದು ಪಕ್ಷ. ಇವುಗಳಲ್ಲಿರುವುದೆಲ್ಲವೂ ನಮ್ಮ ಪುರಾಣಗಳಲ್ಲಿ ಮೊದಲೇ ಇದೆಯೆಂದೂ, ಪುಷ್ಪಕವಿಮಾನವನ್ನು ಬಲ್ಲವರಿಗೆ ಇವುಗಳಿಂದ ಹೊಸತೇನೂ ಸಿಕ್ಕದೆಂದೂ ಹೇಳುವುದು ಇನ್ನೊಂದು ಪಕ್ಷ. ಇವೆರಡೂ ವಿಚಾರವನ್ನು ಬೆಳೆಸದೆ ಮುಗಿಸಿಬಿಡುತ್ತವೆ. ಮೊದಲನೆಯದು ಭಯಾನಕವನ್ನು ರಸಗಳ ಎಣಿಕೆಯಿಂದಲೇ ತೆಗೆದುಹಾಕಿದಂತಾಯಿತು. ಎರಡನೆಯದು ಎರಡು ಭಿನ್ನ ವಸ್ತುಗಳಿಗೆ ಒಂದೇ ಹೆಸರಿಟ್ಟಂತಾಯಿತು. ಇವುಗಳ ತಾರತಮ್ಯವನ್ನು ಅಳೆಯಲು ತಕ್ಕ ಮಾನವು ನಮ್ಮ ಅಲಂಕಾರಶಾಸ್ತ್ರದಲ್ಲಿಯೇ ಇದೆ.

ಭರತಮುನಿಯು ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ಭಯಾನಕವನ್ನು ಮೂರಾಗಿ ವಿಂಗಡಿಸಿದ್ದಾನೆ: ವ್ಯಾಜದಿಂದ ಹುಟ್ಟಿದುದು ಒಂದು, ಅಪರಾಧದಿಂದ ಹುಟ್ಟಿದುದು ಒಂದು, ವಿತ್ರಾಸಿತಕವೆಂಬುದು ಮತ್ತೊಂದು. ವ್ಯಾಜವೆಂದರೆ ನಟನೆಯ ಭಯ. ವಿತ್ರಾಸಿತಕವೆಂದರೆ ಸ್ವಭಾವತಃ ಅಂಜುವವರಿಗೆ ಆಗುವ ನಡುಕ. ಅಪರಾಧಜವೆಂದರೆ ತಾನು ಮಾಡಿದ ತಪ್ಪೇ ತನ್ನನ್ನು ಬೆನ್ನಟ್ಟಿ ಬರುವಾಗಿನ ಭಯ. ಈ ವಿಭಾಗವು ರಂಗಭೂಮಿಗಾಗಿ ಹೇಳಿದುದಾದರೂ ಕಾದಂಬರಿಗೂ ಅನ್ವಯಿಸುತ್ತದೆ. ಕತ್ತಲೆ, ಹಾಳುಮನೆ, ಕಾಲಸಪ್ಪಳ ಇಷ್ಟರಿಂದಲೇ ನಡೆಯುವ ಪ್ರೇತಕಥೆಗಳು ವಿತ್ರಾಸಿತಕದ ಮೇರೆಯನ್ನು ದಾಟುವುದಿಲ್ಲ. ಆನ್ ರ‍್ಯಾಡ್‌ಕ್ಲಿಫ್‌ಳು ೧೭೯೪ರಲ್ಲಿ ಪ್ರಕಟಿಸಿದ ಉಡಾಲ್ಫೋ ಕೋಟೆಯ ಕಥೆಯಲ್ಲಿ ಭೂತಚೇಷ್ಟೆಯೆಂದು ತೋರಿದುದಕ್ಕೆಲ್ಲ ಕೊನೆಗೆ ಲೌಕಿಕವಾದ ಕಾರಣವೇ ಹೊರಬೀಳುತ್ತದೆ. ಕಾನನ್ ಡಾಯ್ಲನ ಬಾಸ್ಕರ್‌ವಿಲ್ ಮನೆತನದ ಬೇಟೆನಾಯಿಯ ಕಥೆಯಲ್ಲಿ ಬೆಂಕಿಯುಗುಳುವಂತೆ ಕಂಡ ಪ್ರಾಣಿಯು ರಂಜಕವನ್ನು ಬಳಿದ ನಾಯಿಯೇ. ಇವು ವ್ಯಾಜಕ್ಕೆ ಸೇರತಕ್ಕವು. ಶೆಲ್ಲಿಯ ಫ್ರಾಂಕೆನ್‌ಸ್ಟೈನ್ (೧೮೧೮), ಸ್ಟೀವನ್‌ಸನ್ನನ ಜೆಕಿಲ್ ಮತ್ತು ಹೈಡರ ಕಥೆ (೧೮೮೬), ವೆಲ್ಸನ ಡಾಕ್ಟರ್ ಮೊರೋ ದ್ವೀಪ (೧೮೯೬) ಇವು ಅಪರಾಧಜಕ್ಕೆ ಸೇರುತ್ತವೆ. ಬಹುಕಾಲ ಬಾಳಿ, ಓದಿದವರು ಮರಳಿ ಓದುವಂತಹವು ಬಹುಮಟ್ಟಿಗೆ ಈ ಮೂರನೆಯ ಗುಂಪಿನವೇ ಆಗಿರುವುದು ಆಕಸ್ಮಿಕವಲ್ಲ. ಮೊದಲೆರಡು ಬಗೆಗಳಲ್ಲಿ ಕಾರಣವು ತಿಳಿದೊಡನೆ ಭಯವು ಅಡಗುತ್ತದೆ. ಅಪರಾಧಜದಲ್ಲಿ ಕಾರಣವು ತಿಳಿದಷ್ಟೂ ಭಯವು ಆಳವಾಗುತ್ತದೆ.

ಇನ್ನು ಎರಡನೆಯ ಪಕ್ಷದ ವಿಚಾರ. ಅಭಿನವಗುಪ್ತನು ರಸಪ್ರತೀತಿಗೆ ಏಳು ವಿಘ್ನಗಳನ್ನು ಹೇಳುವಾಗ ಮೊದಲನೆಯದಾಗಿ ಸಂಭಾವನಾವಿರಹವನ್ನು ಎಣಿಸುತ್ತಾನೆ. ‘ಇದು ಆಗಲಾರದು’ ಎಂದು ತೋರಿದ ವಿಷಯದಲ್ಲಿ ಸಹೃದಯನ ಮನಸ್ಸು ನಿಲ್ಲುವುದಿಲ್ಲ. ಆದುದರಿಂದ ಸಮುದ್ರಲಂಘನಾದಿ ಲೋಕೋತ್ತರ ಕಾರ್ಯಗಳನ್ನು ವರ್ಣಿಸುವಾಗ ರಾಮಾದಿ ಪ್ರಖ್ಯಾತ ನಾಯಕರನ್ನು ಆರಿಸಿಕೊಳ್ಳಬೇಕೆಂದು ಅವನ ಅಭಿಪ್ರಾಯ. ಪುರಾಣದ ಅದ್ಭುತವು ನಿಲ್ಲುವುದು ಈ ಪ್ರಖ್ಯಾತಿಯ ಬಲದಿಂದ. ವಿಜ್ಞಾನಕಾದಂಬರಿಯ ನಾಯಕನಾದರೋ ಯಾರೂ ಕೇಳರಿಯದ ಒಬ್ಬ ಮನುಷ್ಯ. ಅವನ ಕಾರ್ಯದಲ್ಲಿ ನಂಬಿಕೆ ಹುಟ್ಟಬೇಕಾದರೆ ಹೆಜ್ಜೆಹೆಜ್ಜೆಗೂ ಕಾರ್ಯಕಾರಣಭಾವವನ್ನು ತೋರಿಸಬೇಕು. ಹಳೆಯ ಕಥೆಗಳಲ್ಲಿ ಅಂಜನವನ್ನು ಹಚ್ಚಿಕೊಂಡವನು ಕಾಣದಾಗುವನು, ಅಲ್ಲಿಗೆ ಮುಗಿಯಿತು. ವೆಲ್ಸನ ‘ಅದೃಶ್ಯ ಮನುಷ್ಯ’ನು (೧೮೯೭) ಉಟ್ಟ ಬಟ್ಟೆಯು ಕಾಣುವುದರಿಂದ ಚಳಿಯಲ್ಲಿ ಬೆತ್ತಲೆಯಾಗಿ ಅಲೆಯಬೇಕು, ಉಂಡ ಅನ್ನವು ಅರಗುವವರೆಗೆ ಹೊಟ್ಟೆಯಲ್ಲಿ ಕಾಣುತ್ತಿರುತ್ತದೆ, ಕೆಸರು ಮೆತ್ತಿದ ಅವನ ಹೆಜ್ಜೆ ಮೂಡುತ್ತದೆ. ಬ್ರಾಮ್ ಸ್ಟೋಕರನ ‘ಡ್ರಾಕುಲಾ’ (೧೮೯೭) ವಿಜ್ಞಾನದ ಕಥೆಯಲ್ಲದಿದ್ದರೂ ಇದೇ ಉಪಾಯವನ್ನು ಹಿಡಿದಿದೆ. ದಿನಚರಿ, ಕಾಗದ, ತಂತಿ, ಪತ್ರಿಕೆಯ ತುಣುಕು ಇವನ್ನು ಸಾಕ್ಷ್ಯದಂತೆ ಜೋಡಿಸಿ ರಕ್ತಪಾಯಿಯಾದ ಪ್ರೇತವನ್ನು ನಂಬಿಸುತ್ತದೆ. ಪುಷ್ಪಕವು ಬ್ರಹ್ಮನು ಕುಬೇರನಿಗೆ ಕೊಟ್ಟ ವರ. ವೆಲ್ಸನ ಕಾಲಯಂತ್ರವು ಮನುಷ್ಯನ ಕೈಗೆಲಸ. ವರದ ಹೊಣೆ ಕೊಟ್ಟವನದೂ ಆದೀತು. ಕೈಗೆಲಸದ ಹೊಣೆ ಮಾಡಿದವನದೇ. ಆದುದರಿಂದ ಇವೆರಡನ್ನೂ ಒಂದೆನ್ನುವುದು ಪುರಾಣಕ್ಕೂ ಗೌರವವಲ್ಲ, ಕಾದಂಬರಿಗೂ ನ್ಯಾಯವಲ್ಲ.

ಹಾಗಾದರೆ ಕನ್ನಡದಲ್ಲಿ ಇವುಗಳಿಗೆ ಸಜಾತೀಯವಾದುದು ಯಾವುದೂ ಇಲ್ಲವೇ ಎಂದರೆ, ವಿಮಾನಗಳನ್ನು ಬಿಟ್ಟು ಅಪರಾಧವನ್ನು ಹುಡುಕಿದರೆ ಸಿಕ್ಕುತ್ತದೆ. ಜನ್ನನ ಯಶೋಧರಚರಿತೆಯು (೧೨೦೯) ಚಂಡಮಾರಿಯ ಗುಡಿಯ ಭಯಂಕರ ದೃಶ್ಯದಿಂದ ಮೊದಲಾಗುತ್ತದೆ. ಬಲಿಗೆಂದು ಹಿಡಿತಂದ ಅಣ್ಣತಂಗಿಯರ ಹೆಸರುಗಳು ಅಭಯರುಚಿ, ಅಭಯಮತಿ. ಭಯದ ನಡುವೆ ನಿಂತ ಈ ಅಭಯರು ಮಾರಿದತ್ತನಿಗೆ ಹೇಳುವ ಕಥೆಯೇ ಕಾವ್ಯದ ಶರೀರ. ರಾಣಿ ಅಮೃತಮತಿಯು ಮಾವುತನಿಗೆ ಒಲಿದುದನ್ನು ಕಂಡ ಯಶೋಧರನು ಅದನ್ನು ತಾಯಿಗೆ ತಿಳಿಸಲಾರದೆ ಕೆಟ್ಟ ಕನಸಿನ ನೆವವನ್ನು ಹೂಡುತ್ತಾನೆ. ತಾಯಿಯಾದ ಚಂದ್ರಮತಿಯು ಶಾಂತಿಗಾಗಿ ಬಲಿಯನ್ನು ಕೊಡಹೇಳುತ್ತಾಳೆ. ಹಿಂಸೆಗೆ ಒಪ್ಪದ ಮಗನೂ ಬಲಿಯನ್ನು ಬಿಡಲೊಪ್ಪದ ತಾಯಿಯೂ ಹಿಟ್ಟಿನ ಕೋಳಿಯೆಂಬ ನಡುದಾರಿಗೆ ಬರುತ್ತಾರೆ. ಕಡಿದಾಗ ಆ ಹಿಟ್ಟಿನ ಕೋಳಿಯು ಕೂಗುತ್ತದೆ.

ಈ ಕೂಗಿನಲ್ಲಿರುವ ಭಯವನ್ನು ಪರೀಕ್ಷಿಸಬೇಕು. ಇಲ್ಲಿ ಮೊದಲು ಇದ್ದುದು ವ್ಯಾಜ. ಕನಸೂ ಸುಳ್ಳು, ಕೋಳಿಯೂ ಸುಳ್ಳು. ಆದರೆ ಕೂಗು ಕೇಳಿದ ಕ್ಷಣದಲ್ಲಿ ವ್ಯಾಜವು ಅಪರಾಧವಾಗಿ ಪರಿಣಮಿಸುತ್ತದೆ. ಕೈಯಿಂದ ಮಾಡಿದ ಜಡವಸ್ತುವು ಮಾಡಿದವನ ಸಂಕಲ್ಪಕ್ಕೆ ತಾನೇ ಸಾಕ್ಷಿಯಾಗಿ ನಿಲ್ಲುತ್ತದೆ. ಫ್ರಾಂಕೆನ್‌ಸ್ಟೈನನ ಕಥೆಯ ಮರ್ಮವೂ ಇದೇ. ಸತ್ತವರ ಅಂಗಗಳನ್ನು ಕೂಡಿಸಿ ವಿಕ್ಟರನು ಮಾಡಿದ ಶರೀರವು ಕಣ್ಣು ತೆರೆದೊಡನೆ ಅವನು ಜುಗುಪ್ಸೆಯಿಂದ ಓಡಿಹೋಗುತ್ತಾನೆ. ಅವನ ಅಪರಾಧವು ಸೃಷ್ಟಿಸಿದುದರಲ್ಲಿ ಎಷ್ಟಿದೆಯೋ ಸೃಷ್ಟಿಸಿ ಕೈಬಿಟ್ಟುದರಲ್ಲಿ ಅದಕ್ಕಿಂತ ಹೆಚ್ಚಾಗಿದೆ. ಹೆಸರೂ ಇಲ್ಲದ ಆ ಜೀವವು ಬಡವರ ಗುಡಿಸಲಿನ ಮಗ್ಗುಲಲ್ಲಿ ಅಡಗಿದ್ದು ಮಾತು ಕಲಿತು, ಓದು ಕಲಿತು, ಕೊನೆಗೆ ಮಾಡಿದವನ ಮುಂದೆ ನಿಂತು ತನ್ನ ಕಥೆಯನ್ನು ತಾನೇ ಹೇಳಿಕೊಳ್ಳುವಾಗ ಭಯಾನಕವು ಕರುಣಕ್ಕೆ ತಿರುಗುತ್ತದೆ. ಹೆದರಿ ಓದಲು ತೊಡಗಿದ ವಾಚಕನು ಯಾರಿಗಾಗಿ ಮರುಗಬೇಕೆಂದು ತಿಳಿಯದೆ ನಿಲ್ಲುತ್ತಾನೆ. ಕಥೆಯೊಳಗೆ ಕಥೆಯನ್ನಿಟ್ಟು ಹೇಳುವ ಆ ರೀತಿಯೂ ಬಾಣನ ಮತ್ತು ನಾಗವರ್ಮನ ಕಾದಂಬರಿಗಳನ್ನು ಓದಿದವರಿಗೆ ಅಪರಿಚಿತವೆನಿಸದು.

ಇಷ್ಟು ಸಾಮ್ಯವನ್ನು ಹೇಳಿ ವ್ಯತ್ಯಾಸವನ್ನು ಮರೆಯಬಾರದು. ಜನ್ನನಲ್ಲಿ ಅಪರಾಧದ ಫಲವು ಜನ್ಮಾಂತರಗಳಲ್ಲಿ ಹರಡಿದೆ. ಮಗನೂ ತಾಯಿಯೂ ನವಿಲು ನಾಯಿಗಳು ಮೊದಲಾಗಿ ಕೋಳಿಗಳವರೆಗೆ ಹುಟ್ಟಿ ಹುಟ್ಟಿ ಸತ್ತು, ಕೊನೆಗೆ ಅಭಯರಾಗುತ್ತಾರೆ. ಭಯಕ್ಕೆ ಅಲ್ಲಿ ಶಮವೆಂಬ ದಡವಿದೆ. ಶೆಲ್ಲಿಯ ಕಥೆಯಲ್ಲಿ ಇರುವುದು ಒಂದೇ ಜನ್ಮ. ಫಲವೆಲ್ಲವೂ ಅಷ್ಟರೊಳಗೆ ತೀರಬೇಕಾದುದರಿಂದಲೇ ಆ ಬೆನ್ನಟ್ಟುವಿಕೆಯ ತ್ವರೆ, ಉತ್ತರದ ಹಿಮಸಮುದ್ರದ ಆ ಕಡೆಯ ದೃಶ್ಯ. ಅಲ್ಲಿ ವಿಕ್ಟರನಿಗೆ ಸಾವಿದೆ, ಶಾಂತಿಯಿಲ್ಲ. ಜನ್ನನಲ್ಲಿ ಇಲ್ಲದ ಒಂದು ಗುಣವೂ ಆಂಗ್ಲ ಕೃತಿಯಲ್ಲಿದೆ: ಹಿಟ್ಟಿನ ಕೋಳಿಯು ಒಮ್ಮೆ ಕೂಗಿ ಸುಮ್ಮನಾಗುತ್ತದೆ, ಅಲ್ಲಿಯ ಸೃಷ್ಟಿಯು ವಾದಿಸುತ್ತದೆ. ಹೊಸ ವಾಚಕನಿಗೆ ಹೊಸದಾಗಿ ದೊರೆಯುವುದು ಇದು.

ಕನ್ನಡದ ಆಧುನಿಕರು ಈ ದಾರಿಯನ್ನು ಅರಿಯದವರಲ್ಲ. ಸೋಮದೇವನ ಕಥಾಸರಿತ್ಸಾಗರದಲ್ಲಿ ವೇತಾಳನು ಹೇಳಿದ ತಲೆ ಬದಲಾದವರ ಕಥೆಯು ಜರ್ಮನಿಯ ಥಾಮಸ್ ಮಾನ್‌ನ ಕೃತಿಯಾಗಿ ೧೯೪೦ರಲ್ಲಿ ಹೊರಬಂದು, ಗಿರೀಶ ಕಾರ್ನಾಡರ ‘ಹಯವದನ’ದಲ್ಲಿ (೧೯೭೧) ಕನ್ನಡಕ್ಕೆ ಬಂದಿತು. ತಲೆಯೇ ಉತ್ತಮಾಂಗವಾದುದರಿಂದ ತಲೆಯಿದ್ದವನೇ ಗಂಡನೆಂಬ ಅರಸನ ಉತ್ತರಕ್ಕೆ ವೇತಾಳನ ಕಥೆಯು ನಿಲ್ಲುತ್ತದೆ; ಆ ಉತ್ತರದ ಮುಂದಿನ ಸಂಕಟದಿಂದ ಕಾರ್ನಾಡರ ಮುಖ್ಯ ವಿಚಾರವು ಬೆಳೆಯುತ್ತದೆ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (೧೯೮೦) ಹಾರುವ ಓತಿಯನ್ನು ಅರಸಿ ಕಾಡು ಹೊಕ್ಕವರ ಕಥೆ. ಅಲ್ಲಿಯ ಅದ್ಭುತದಲ್ಲಿ ಅಪರಾಧವಿಲ್ಲ. ಅರಿಯಬೇಕೆಂಬ ಆಸೆಯಿದೆ, ಅರಿವಿಗೆ ಸಿಕ್ಕದೆ ಹಾರಿಹೋಗುವ ವಸ್ತುವಿದೆ. ಭರತನು ಅದ್ಭುತವನ್ನು ದಿವ್ಯ, ಆನಂದಜ ಎಂದು ಎರಡಾಗಿಸಿರುವನಷ್ಟೆ. ಇದು ಎರಡನೆಯದಕ್ಕೆ ಒಳ್ಳೆಯ ನಿದರ್ಶನ.

ಕೊನೆಯದಾಗಿ ವಾಚಕಧರ್ಮದ ಒಂದು ಮಾತು. ‘ಓದಿ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ’ ಎಂಬುದನ್ನು ಇಂತಹ ಗ್ರಂಥಕ್ಕೆ ಪ್ರಶಂಸೆಯೆಂದು ತಿಳಿಯುವುದುಂಟು. ಅಭಿನವಗುಪ್ತನು ಭಯಾನಕಕ್ಕೆ ಶಾಕುಂತಲದ ಓಡುವ ಜಿಂಕೆಯನ್ನು ಉದಾಹರಿಸಿ, ಅಲ್ಲಿ ತೋರುವ ಭಯವು ಜಿಂಕೆಯದೂ ಅಲ್ಲ, ನೋಡುವವನದೂ ಅಲ್ಲ, ದೇಶಕಾಲಗಳ ಕಟ್ಟಿಲ್ಲದ ಭಯವೆಂದು ವಿವರಿಸಿದ್ದಾನೆ. ನಿದ್ದೆಗೆಡಿಸುವ ಭಯವು ವಾಚಕನ ಸ್ವಂತದ್ದು. ಅದು ರಸವಲ್ಲ, ರಸವಿಘ್ನ. ಸವಳಂಗದ ವಿದ್ಯಾರ್ಥಿಯು ಫ್ರಾಂಕೆನ್‌ಸ್ಟೈನನ ಕಥೆಯನ್ನು ಹಿಡಿದು ಬಂದಾಗ ಉಪಾಧ್ಯಾಯರು ಅದನ್ನು ಕಸಿದುಕೊಳ್ಳುವುದೂ ಬೇಡ, ಪುಷ್ಪಕವಿಮಾನವನ್ನು ತೋರಿಸುವುದೂ ಬೇಡ. ಈ ಭಯದ ಹಿಂದೆ ಯಾರ ತಪ್ಪು ಇದೆಯೆಂದು ಕೇಳಿ, ಅದರ ಪಕ್ಕದಲ್ಲಿ ಯಶೋಧರಚರಿತೆಯನ್ನು ಇರಿಸಿದರೆ ಸಾಕು. ಹೊರಗಿನ ಗ್ರಂಥವೊಂದನ್ನು ಕಂಡುಕೊಂಡವನು ಮನೆಯ ಗ್ರಂಥವನ್ನೂ ಕಂಡುಕೊಂಡಂತಾಗುತ್ತದೆ.