ಆರು ಮಾತ್ರೆಗೆ ಕಮಾನು

ಹಿರೇಹಂದಿಗೋಳದಿಂದ ಮುಂಡರಗಿಯವರೆಗೆ ಯಾವ ಊರಿನ ಭಜನೆಯಲ್ಲಿ ಕೂತರೂ ಹಾರ್ಮೋನಿಯಂ, ತಬಲಾ, ತಾಳ ಸಿಗುತ್ತವೆ; ಪಿಟೀಲು ಅಪರೂಪ. ಇದು ನನಗೆ ಬೇಸರದ ಸಂಗತಿ. ಗದಗಿನ ವೀರೇಶ್ವರ ಪುಣ್ಯಾಶ್ರಮದ ಪುಟ್ಟರಾಜ ಗವಾಯಿಗಳು (1914–2010) ಹಾಡಿಕೆಯ ಜೊತೆಗೆ ಹಾರ್ಮೋನಿಯಂ, ತಬಲಾ, ಸಾರಂಗಿ, ಪಿಟೀಲುಗಳನ್ನೆಲ್ಲ ಕೈವಶ ಮಾಡಿಕೊಂಡಿದ್ದ ನೆಲ ಇದು.

ವಚನ, ತತ್ವಪದಗಳಿಗೆ ಒಗ್ಗುವ ದಾದರಾ ತಾಳವನ್ನೇ ನೋಡಿ. ಧಾ ಧೀ ನಾ, ಧಾ ತೂ ನಾ. ಮೂರು ಮೂರರಂತೆ ಆರು ಮಾತ್ರೆ. ಮೊದಲನೆಯದು ಸಮ, ಅಂದರೆ ಒತ್ತಿನ ಮಾತ್ರೆ; ನಾಲ್ಕನೆಯದು ಖಾಲಿ, ಒತ್ತಿಲ್ಲದ್ದು. ಮಾತ್ರೆಗೊಂದರಂತೆ ಪಿಟೀಲಿನ ಕಮಾನು ಬದಲಿಸುತ್ತ ಹೋದರೆ ಸಮಕ್ಕೆ ಕಮಾನು ಕೆಳಗೆ ಎಳೆಯುತ್ತದೆ, ಖಾಲಿಗೆ ಮೇಲಕ್ಕೆ ತಳ್ಳುತ್ತದೆ. ಎಳೆಯುವಾಗ ಕೈಯ ಭಾರ ತಾನಾಗಿ ತಂತಿಯ ಮೇಲೆ ಕೂರುತ್ತದೆ, ತಳ್ಳುವಾಗ ಹಗುರಾಗುತ್ತದೆ. ಹಾಗಾಗಿ ಖಾಲಿಗೆ ಪಿಟೀಲು ತಾನಾಗಿ ತಗ್ಗುತ್ತದೆ. ಆರೂ ಸ್ವರಗಳನ್ನು ಒಂದೇ ಕಮಾನಿನಲ್ಲಿ ಜಾರಿಸುವವರು ಈ ಏರಿಳಿತವನ್ನೇ ಕಳೆದುಕೊಳ್ಳುತ್ತಾರೆ. ಖ್ಯಾಲಿನ ಆಲಾಪಕ್ಕೆ ಆ ಉದ್ದ ಕಮಾನು ಬೇಕು, ಭಜನೆಯ ಪದಕ್ಕೆ ಬೇಡ.

ಐರ್ಲೆಂಡಿನ ಪಿಟೀಲುಗಾರರು ನುಡಿಸುವ ಜಿಗ್ ಎಂಬ ಮಟ್ಟುಗಳೂ ಮೂರು ಮೂರರ ನಡೆಯವೇ. ಆದರೆ ಅವು ಕುಣಿತಕ್ಕೆ ಹುಟ್ಟಿದವು, ಅಲ್ಲಿ ಖಾಲಿ ಇಲ್ಲ. ಒಂದಕ್ಕೂ ನಾಲ್ಕಕ್ಕೂ ಹೆಜ್ಜೆ ಬೀಳಬೇಕು. ಅಲ್ಲಿನ ಡೊನೆಗಾಲ್ ಕಡೆಯವರು ಹೆಚ್ಚಾಗಿ ಸ್ವರಕ್ಕೊಂದರಂತೆ ಬಿಡಿ ಕಮಾನಿನಲ್ಲೇ ನುಡಿಸುತ್ತಾರೆ. ಸ್ಲೈಗೋದ ಪಿಟೀಲುಗಾರ ಮೈಕೆಲ್ ಕೋಲ್‌ಮನ್ (1891–1945) ಅವರ ಹಳೆಯ ಧ್ವನಿಮುದ್ರಣ ಕೇಳಿ: ಸ್ವರಗಳು ಜೋಡಿ ಜೋಡಿಯಾಗಿ ಬೆಸೆದುಕೊಂಡು ನಡೆಗೆ ಒಂದು ಚಿಮ್ಮು ಬರುತ್ತದೆ.

ಆ ಬೆಸುಗೆ ನಮಗೂ ಒದಗುತ್ತದೆ, ತಬಲಾದವರು ಲಗ್ಗಿಯ ಚುರುಕು ನಡೆ ಹಿಡಿದಾಗ. ಒಂದನ್ನು ಎಳೆಯಿರಿ, ಎರಡು-ಮೂರನ್ನು ಕೂಡಿಸಿ ತಳ್ಳಿರಿ, ನಾಲ್ಕನ್ನು ಎಳೆಯಿರಿ, ಐದು-ಆರನ್ನು ಕೂಡಿಸಿ ತಳ್ಳಿರಿ. ಈಗ ಎರಡೂ ಭಾಗಕ್ಕೆ ಒತ್ತು ಬೀಳುತ್ತದೆ. ಇನ್ನೂ ಸೊಗಸು ಬೇಕೆಂದರೆ ಒಂದು ಮತ್ತು ಎರಡನ್ನು ಬಿಡಿಯಾಗಿ ನುಡಿಸಿ, ಮೂರು-ನಾಲ್ಕನ್ನು ಬೆಸೆಯಿರಿ. ಆಗ ಖಾಲಿಯ ಗೆರೆ ದಾಟಿ ಸ್ವರ ಹರಿಯುತ್ತದೆ. ಆದರೆ ಐದು-ಆರನ್ನೂ ಕೂಡಿಸಲೇಬೇಕು. ಬಿಟ್ಟರೆ ಆವರ್ತನಕ್ಕೆ ಐದು ಕಮಾನಾಗಿ ಮುಂದಿನ ಸಮ ತಳ್ಳುವ ಕಮಾನಿಗೆ ಬಂದು ಪೇಲವವಾಗುತ್ತದೆ.

ಇದಕ್ಕೆಲ್ಲ ಕಮಾನಿನ ನಡುಭಾಗದ ಗೇಣುದ್ದ ಸಾಕು. ಮಣಿಕಟ್ಟು ಸಡಿಲವಿರಲಿ, ರಾಳ ಹದವಾಗಿರಲಿ.

ಭಜನಾ ಮೇಳದ ಹಿರಿಯರಲ್ಲಿ ಒಂದು ಕೋರಿಕೆ: ಊರಲ್ಲಿ ಪಿಟೀಲು ಕಲಿಯುತ್ತಿರುವ ಮಕ್ಕಳಿದ್ದರೆ ತಬಲಾದವರ ಪಕ್ಕದಲ್ಲೇ ಕೂರಿಸಿ, ಒಂದೆರಡು ಪದಕ್ಕೆ ಹಾರ್ಮೋನಿಯಂ ನಿಲ್ಲಿಸಿ ನುಡಿಸಲು ಬಿಡಿ.