ಜೀನಿನ ಅಡಿಭಾಗದ ಫೋಟೊ ಕಳಿಸಿ, ಸ್ವಾಮಿ

ಕುದುರೆಯ ಹಳೆಯ ಜೀನನ್ನು ಆನ್‌ಲೈನಿನಲ್ಲಿ ಮಾರುವವರು ಹಾಕುವ ಫೋಟೊಗಳಿಗೆ ಒಂದು ಸಂಪ್ರದಾಯವೇ ಬೆಳೆದುಬಿಟ್ಟಿದೆ. ಓಎಲ್‌ಎಕ್ಸ್ ಇರಲಿ, ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್ ಇರಲಿ, ಜೀನು ಕಾಂಪೌಂಡ್ ಗೋಡೆಯ ಮೇಲೆ ಕೂತಿರುತ್ತದೆ. ಕೊಬ್ಬರಿ ಎಣ್ಣೆ ತಿಕ್ಕಿಸಿಕೊಂಡು ಮಿರಮಿರ ಮಿಂಚುತ್ತಿರುತ್ತದೆ. ಮೇಲಿನಿಂದ ಒಂದು ಫೋಟೊ, ಬಲಗಡೆಯಿಂದ ಒಂದು, ಎಡಗಡೆಯಿಂದ ಒಂದು. ಕೊನೆಯದರಲ್ಲಿ ಮಾರುವವರೇ ಕೂಲಿಂಗ್ ಗ್ಲಾಸ್ ಹಾಕಿಕೊಂಡು ಕುದುರೆ ಹತ್ತಿರುತ್ತಾರೆ. ಕೆಳಗೆ ‘ಕಂಡೀಷನ್ ಸೂಪರ್, ಅರ್ಜೆಂಟ್ ಸೇಲ್’ ಅಂತ ಒಂದು ಸಾಲು. ಕುದುರೆಯ ಬೆನ್ನಿಗೆ ತಾಗುವ ಭಾಗ ಮಾತ್ರ ಒಂದರಲ್ಲೂ ಇರುವುದಿಲ್ಲ.

ಜೀನಿನ ಗುಣವೆಲ್ಲ ಇರುವುದು ಆ ಅಡಿಭಾಗದಲ್ಲೇ. ಮೇಲಿನ ಚರ್ಮ ಸವಾರನ ಸುಖಕ್ಕೆ, ಕೆಳಗಿನ ಮೆತ್ತೆ ಕುದುರೆಯ ಸುಖಕ್ಕೆ. ಮಾರುವವರು ಮನುಷ್ಯರು, ಕೊಳ್ಳುವವರೂ ಮನುಷ್ಯರು. ಇಬ್ಬರೂ ಮೇಲ್ಭಾಗವನ್ನೇ ನೋಡಿ ವ್ಯಾಪಾರ ಮುಗಿಸುತ್ತಾರೆ. ಹೊರಬೇಕಾದವನನ್ನು ಕೇಳುವವರಿಲ್ಲ.

ಉಮ್ಮತ್ತೂರಿನಲ್ಲಿ ಕೂತುಕೊಂಡು ಜೀನಿನ ಬಗ್ಗೆ ಬರೆಯುವುದು ಕೆಲವರಿಗೆ ವಿಚಿತ್ರವಾಗಿ ಕಾಣಬಹುದು. ನಮ್ಮ ಗುಡ್ಡದಲ್ಲಿ ಓಡುವುದು ಕೃಷ್ಣಮೃಗ, ಹೊಲದಲ್ಲಿ ನಡೆಯುವುದು ಎತ್ತು. ಆದರೆ ಐನೂರು ವರ್ಷದ ಹಿಂದೆ ಇದೇ ಊರಿನ ಪಾಳೆಯಗಾರರು ವಿಜಯನಗರಕ್ಕೆ ಸೆಡ್ಡು ಹೊಡೆದು, ಶಿವನಸಮುದ್ರದ ಕೋಟೆಯವರೆಗೆ ಕಾಲು ಚಾಚಿದ್ದರು, ಕೊನೆಗೆ ಕೃಷ್ಣದೇವರಾಯನೇ ದಂಡೆತ್ತಿ ಬರಬೇಕಾಯಿತು. ಆಗ ದಂಡು ಎಂದರೆ ಕುದುರೆ. ಸಮುದ್ರ ದಾಟಿ ಬಂದ ಅರಬ್ಬಿ ಕುದುರೆಗಳನ್ನು ಗೋವಾ, ಭಟ್ಕಳದ ಬಂದರಿನಲ್ಲಿ ಕೊಳ್ಳುವುದು ವಿಜಯನಗರದ ದೊಡ್ಡ ಖರ್ಚುಗಳಲ್ಲೊಂದಾಗಿತ್ತು. ಈಗ ನಮ್ಮ ಚಾಮರಾಜನಗರ, ಗುಂಡ್ಲುಪೇಟೆ ಕಡೆ ಕುದುರೆ ಸಾಕುವವರು ಬೆರಳೆಣಿಕೆಯಷ್ಟು ಮಂದಿ. ಅವರಿಗೆ ಬೇಕಾದ ಸರಂಜಾಮು ಹತ್ತಿರದ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಫೋನೇ ಸಂತೆ.

ಸಂತೆ ಎಂದಾಗ ಒಂದು ಮಾತು. ದನದ ವ್ಯಾಪಾರ ಟವೆಲ್ಲಿನ ಕೆಳಗೆ ಬೆರಳು ಹಿಡಿದು ನಡೆಯುವುದನ್ನು ನಮ್ಮ ಕಡೆಯವರು ನೋಡಿಯೇ ಇರುತ್ತಾರೆ. ಬೆಲೆ ಗುಟ್ಟು, ಮಾಲು ಬಟಾಬಯಲು. ಎತ್ತಿನ ಬಾಯಿ ತೆರೆದು ಹಲ್ಲು ನೋಡಬಹುದು, ಸುಳಿ ನೋಡಬಹುದು, ನಾಲ್ಕು ಹೆಜ್ಜೆ ನಡೆಸಿ ಕಾಲು ನೋಡಬಹುದು. ಆನ್‌ಲೈನಿನಲ್ಲಿ ಬೆಲೆ ದೊಡ್ಡಕ್ಷರದಲ್ಲಿ ಎದುರಿಗೇ ಇರುತ್ತದೆ, ಮಾಲು ಟವೆಲ್ಲಿನ ಕೆಳಗೆ ಹೋಗಿರುತ್ತದೆ. ಫೇಸ್‌ಬುಕ್ ಮಾರ್ಕೆಟ್‌ಪ್ಲೇಸಿನಲ್ಲಿ ಪ್ರಾಣಿಗಳನ್ನು ಮಾರುವಂತಿಲ್ಲ, ಜೀನನ್ನು ಮಾರಬಹುದು. ಹಾಗಾಗಿ ‘ಜೀನು ಮಾರಾಟಕ್ಕಿದೆ’ ಎಂದು ಹಾಕಿ ಜೀನಿಗಿಂತ ಕುದುರೆಯ ಫೋಟೊವನ್ನೇ ಹೆಚ್ಚು ತೋರಿಸಿದ್ದರೆ ಅಲ್ಲಿ ಮಾರಾಟಕ್ಕಿರುವುದು ಯಾವುದು ಎಂದು ನೀವೇ ಊಹಿಸಿಕೊಳ್ಳಿ.

ಜೀನಿನ ಒಳಗೆ ಒಂದು ಅಸ್ಥಿಪಂಜರವಿರುತ್ತದೆ. ಮರದ್ದು, ಫೈಬರಿನದ್ದು, ಇಲ್ಲವೆ ಉಕ್ಕು ಸೇರಿಸಿದ್ದು. ಏನಿಂದಲೇ ಮಾಡಿರಲಿ, ರೇಸ್ ಕೋರ್ಸಿನಲ್ಲಿ ಕುದುರೆ ನೋಡಿಕೊಳ್ಳುವವರೂ ಸವಾರಿ ಶಾಲೆಯವರೂ ಅದನ್ನು ‘ಟ್ರೀ’ ಎಂದೇ ಕರೆಯುತ್ತಾರೆ. ಅದು ಮುರಿದಿದ್ದರೆ ಜೀನು ಮುಗಿದಂತೆ. ಎಷ್ಟು ಪಾಲಿಶ್ ಹೊಡೆದರೂ ಸವಾರನ ಭಾರವೆಲ್ಲ ಮುರಿದ ಜಾಗದಿಂದ ಕುದುರೆಯ ಬೆನ್ನಿಗೆ ಒತ್ತುತ್ತದೆ, ಹುಣ್ಣಾಗುತ್ತದೆ. ಕೈಗೆ ಸಿಕ್ಕಿದರೆ ಪರೀಕ್ಷೆ ಸುಲಭ. ಜೀನಿನ ಮುಂಭಾಗವನ್ನು ತೊಡೆಗೆ ಆನಿಸಿಕೊಂಡು ಹಿಂದಿನ ಏರನ್ನು ಎರಡೂ ಕೈಯಲ್ಲಿ ಹಿಡಿದು ನಿಮ್ಮ ಕಡೆಗೆ ಎಳೆಯಿರಿ. ಒಳ್ಳೆಯ ಟ್ರೀ ಸ್ವಲ್ಪ ಬಿಲ್ಲಿನಂತೆ ಬಾಗಿ ವಾಪಸ್ ಬರುತ್ತದೆ. ಮುರಿದದ್ದು ನಡುವಿನಲ್ಲಿ ಮಡಚಿಕೊಳ್ಳುತ್ತದೆ, ಕೂರುವ ಚರ್ಮದ ಮೇಲೆ ಅಡ್ಡ ಸುಕ್ಕು ಏಳುತ್ತದೆ, ಕಿರ್ ಎಂದು ಸದ್ದೂ ಬರಬಹುದು. ಮುಂಭಾಗದ ಕಮಾನಿನ ಎರಡು ತೋಳುಗಳನ್ನೂ ಹೀಗೇ ಅಗಲಿಸಿ, ಅಮುಕಿ ನೋಡಬೇಕು. ಇದನ್ನೇ ವಿಡಿಯೊ ಮಾಡಿ ಕಳಿಸಿ ಎಂದು ಮಾರುವವರನ್ನು ಕೇಳಿ. ಅರ್ಧ ನಿಮಿಷದ ಕೆಲಸ. ಕಳಿಸುವವರು ಒಳ್ಳೆಯ ಮಾರಾಟಗಾರರು. ‘ಇಂಟರೆಸ್ಟ್ ಇದ್ದರೆ ಮಾತ್ರ ಮೆಸೇಜ್ ಮಾಡಿ’ ಎಂದು ರೇಗುವವರಿಗೆ ಒಂದು ನಮಸ್ಕಾರ ಹಾಕಿ ಮುಂದಕ್ಕೆ ಹೋಗಿ.

ಆಮೇಲೆ ಅಡಿಭಾಗ. ಜೀನನ್ನು ಮಗುಚಿ ಹಾಕಿಸಿ ನೇರ ಮೇಲಿನಿಂದ ಒಂದು ಫೋಟೊ ತರಿಸಿಕೊಳ್ಳಿ. ನಡುವೆ ಉದ್ದಕ್ಕೂ ಒಂದು ಕಾಲುವೆ ಕಾಣಬೇಕು. ಕುದುರೆಯ ಬೆನ್ನುಮೂಳೆಗೆ ಗಾಳಿ ಆಡುವ ಜಾಗ ಅದು, ಮುಂದಿನಿಂದ ಹಿಂದಿನವರೆಗೂ ಮೂರು ಬೆರಳಾದರೂ ಅಗಲ ಬೇಕು. ಎಡ ಬಲದ ಮೆತ್ತೆಗಳು ಒಂದೇ ಎತ್ತರ ಇರಬೇಕು. ಉಣ್ಣೆ ತುಂಬಿದ ಮೆತ್ತೆಯಾದರೆ ಕೈಯಾಡಿಸಿದಾಗ ಗಂಟು ಸಿಗಬಾರದು. ಬೆವರಿನ ಕಲೆ ಒಂದೇ ಕಡೆ ಕಪ್ಪಗಾಗಿದ್ದರೆ ಆ ಜೀನು ಹಳೆಯ ಕುದುರೆಯ ಮೇಲೂ ಸರಿಯಾಗಿ ಕೂರುತ್ತಿರಲಿಲ್ಲ ಎಂದು ಶಂಕಿಸಿ.

ಈಗ ಎಲ್ಲರೂ ಮುಗಿಬೀಳುವ ‘ಮಿಲಿಟರಿ ಜೀನು’. ಬ್ರಿಟಿಷ್ ಸೈನ್ಯದ ಯೂನಿವರ್ಸಲ್ ಪ್ಯಾಟರ್ನ್ ಜೀನು ಇದು, 1902ರದ್ದು ಒಂದು ಮಾದರಿ, 1912ರದ್ದು ಇನ್ನೊಂದು. ಮುಂದೊಂದು ಹಿಂದೊಂದು ಉಕ್ಕಿನ ಕಮಾನು, ಅವುಗಳನ್ನು ಸೇರಿಸುವ ಎರಡು ಮರದ ಹಲಗೆ, ನಡುವೆ ಬಿಗಿದ ಚರ್ಮದ ಆಸನ. 1912ರ ಮಾದರಿಯಲ್ಲಿ ಹಲಗೆಗಳು ಕಮಾನಿನ ಜೊತೆ ಸ್ವಲ್ಪ ಓಲಾಡುತ್ತವೆ. ಸೈನ್ಯದ ಕುದುರೆ ಯುದ್ಧಭೂಮಿಯಲ್ಲಿ ಸೊರಗಿದರೂ ಜೀನು ಹೊಂದಿಕೊಳ್ಳಲಿ ಎಂಬ ಲೆಕ್ಕ. ಬಹಳ ಬುದ್ಧಿವಂತ ವಸ್ತು. ನನ್ನ ಕಣ್ಣಿಗೆ ಅದಕ್ಕಿಂತ ಚೆಂದದ ಜೀನು ಇಲ್ಲ. ಆದರೆ ಚೆಂದದ ಜೊತೆ ಕಥೆಯೂ ಅಂಟಿಕೊಂಡಿರುತ್ತದೆ. ‘ಮೈಸೂರು ಲ್ಯಾನ್ಸರ್ಸ್ ಜೀನು, ಹೈಫಾ ಯುದ್ಧದ್ದು’ ಎಂದು ಯಾರಾದರೂ ಹೇಳಿದರೆ ಮೊದಲು ಕಮಾನಿನ ಮೇಲಿನ ವರ್ಷದ ಮುದ್ರೆಯ ಫೋಟೊ ಕೇಳಿ. ಮೈಸೂರು, ಜೋಧಪುರದ ಸವಾರರು ಹೈಫಾ ಹಿಡಿದದ್ದು 1918ರ ಸೆಪ್ಟೆಂಬರ್ 23ರಂದು. ಈ ಜೀನುಗಳು ಎರಡನೇ ಮಹಾಯುದ್ಧದ ಕಾಲದಲ್ಲೂ ತಯಾರಾಗಿವೆ. ಕಮಾನಿನ ಮೇಲೆ 1942 ಎಂದಿದ್ದರೆ ಅದು ಹೈಫಾಕ್ಕೆ ಹೇಗೆ ಹೋದೀತು? ಮುದ್ರೆಯನ್ನು ಈಗಲೂ ಒತ್ತಬಹುದು ಅನ್ನುವುದು ನೆನಪಿರಲಿ. ಮರದ ಹಲಗೆಯ ಗೆದ್ದಲ ತೂತು, ಕಮಾನಿನ ಬುಡದ ರಿವೆಟ್ಟಿನ ಸುತ್ತ ತಿಂದ ತುಕ್ಕು, ಇವು ಕಥೆಗಿಂತ ಹೆಚ್ಚು ನಂಬಿಕಸ್ತವು.

ಮಿಲಿಟರಿ ಜೀನಿನ ಬೆಲೆ ಏರಿಸಿದವರು ಸವಾರರಲ್ಲ. ರೆಸಾರ್ಟ್ ಗೋಡೆಗೆ ನೇತುಹಾಕುವವರು, ಬಾರ್ ಸ್ಟೂಲು ಮಾಡುವವರು. ಅವರಿಗೆ ಟ್ರೀ ಮುರಿದಿದ್ದರೂ ಸರಿ. ನನಗೆ ಅವರ ಮೇಲೆ ಕೋಪವಿಲ್ಲ, ಮುರಿದ ಜೀನುಗಳೆಲ್ಲ ಗೋಡೆಗೆ ಹೋದರೆ ಕುದುರೆಗಳಿಗೆ ಲಾಭವೇ. ಗೋಡೆಯಿಂದ ಇಳಿದು ಮತ್ತೆ ಮಾರಾಟಕ್ಕೆ ಬರುತ್ತವಲ್ಲ, ಆಗ ಎಚ್ಚರ ಬೇಕು.

ಮೋಸವೇ ಅಲ್ಲದ ಇನ್ನೊಂದು ಗುಂಡಿ ಇದೆ. ನಮ್ಮ ಕಡೆ ಹವ್ಯಾಸಕ್ಕೆ ಕುದುರೆ ಕೊಳ್ಳುವವರಲ್ಲಿ ಬಹಳ ಮಂದಿ ಮೈಸೂರು, ಬೆಂಗಳೂರಿನ ರೇಸ್ ಕೋರ್ಸಿನಿಂದ ನಿವೃತ್ತಿಯಾದ ಥರೋಬ್ರೆಡ್ ತರುತ್ತಾರೆ. ಮೈಸೂರು ರೇಸ್ ಕ್ಲಬ್ಬಿಗೆ 1891ರಿಂದ ಇತಿಹಾಸವಿದೆ, ಅದರ ಸುತ್ತ ಹಳೇ ಸರಂಜಾಮೂ ಓಡಾಡುತ್ತಿರುತ್ತದೆ. ಅಲ್ಲಿಂದ ಬರುವ ಹಗುರ ಜೀನುಗಳು ಬೆಳಗಿನ ಕಸರತ್ತಿನವು. ಕೆಲವಕ್ಕೆ ಅರ್ಧ ಟ್ರೀ ಮಾತ್ರ, ಹಿಂದಿನರ್ಧ ಬರೀ ಚರ್ಮ ಮತ್ತು ಮೆತ್ತೆ. ರಿಕಾಪಿನ ಮೇಲೆ ಎದ್ದು ನಿಂತು ಓಡಿಸುವ ಹುಡುಗನಿಗೆ ಅದು ಸಾಕು. ಎಂಬತ್ತು ಕೆಜಿಯ ನಮ್ಮಂಥವರು ಅದರಲ್ಲಿ ಗಂಟೆಗಟ್ಟಲೆ ಕೂತರೆ ಭಾರವೆಲ್ಲ ನೇರ ಬೆನ್ನುಮೂಳೆಗೆ. ಥರೋಬ್ರೆಡ್‌ಗಳಿಗೆ ಕತ್ತು ಬೆನ್ನು ಸೇರುವಲ್ಲಿನ ದಿಬ್ಬ ಎತ್ತರ ಬೇರೆ. ‘ಇಂಗ್ಲಿಷ್ ಸ್ಯಾಡಲ್, ಲೈಟ್ ವೆಯ್ಟ್’ ಎಂದು ಕಂಡರೆ ಫುಲ್ ಟ್ರೀಯೋ ಹಾಫ್ ಟ್ರೀಯೋ ಕೇಳಿ.

ಅಳತೆಗೆ ಕಟ್ಟಡದವರ ಬೈಂಡಿಂಗ್ ವೈರ್ ಸಾಕು. ನಾಲ್ಕು ಎಳೆ ಹುರಿ ಮಾಡಿ, ಕುದುರೆಯ ಭುಜದ ಮೂಳೆಯ ಹಿಂದೆ ಎರಡು ಬೆರಳು ಬಿಟ್ಟು ಬೆನ್ನಿನ ಮೇಲೆ ಅಡ್ಡಲಾಗಿ ಒತ್ತಿ ಬಗ್ಗಿಸಿ. ಆ ಆಕಾರವನ್ನು ರಟ್ಟಿನ ಮೇಲೆ ಗೀಚಿ ಕತ್ತರಿಸಿ, ಅಳತೆ ಬರೆದು ಮಾರುವವರಿಗೆ ಕಳಿಸಿ. ಅವರೂ ಹಾಗೇ ಒಂದು ರಟ್ಟು ಕತ್ತರಿಸಿ ಜೀನಿನ ಮುಂಗಮಾನಿನೊಳಗೆ ಹಿಡಿದು ಫೋಟೊ ತೆಗೆಯಲಿ. ಸವಾರನ ಅಳತೆ ಬೇರೆ. ಮುಂಭಾಗದ ಪಕ್ಕದ ಮೊಳೆಯಿಂದ ಹಿಂದಿನ ಏರಿನ ನಡುಮಧ್ಯಕ್ಕೆ ಟೇಪು ಹಿಡಿದು ಇಂಚಿನಲ್ಲಿ ಹೇಳುತ್ತಾರೆ, ದೊಡ್ಡವರಿಗೆ ಸಾಮಾನ್ಯವಾಗಿ 17ರ ಆಸುಪಾಸು. ಜನ ಇದನ್ನೊಂದೇ ಕೇಳಿ ಸುಮ್ಮನಾಗುತ್ತಾರೆ.

ಹೊಸದೇ ಕೊಂಡರಾಗದೇ ಎಂದು ಕೇಳುವವರಿದ್ದಾರೆ. ನಮ್ಮ ದೇಶದಲ್ಲಿ ಜೀನು ಎಂದರೆ ಕಾನ್ಪುರ. ಬ್ರಿಟಿಷರ ಕಾಲದಿಂದ ಸೈನ್ಯಕ್ಕೆ ಚರ್ಮದ ಸಾಮಾನು ಒದಗಿಸಿದ ಊರು, ಈಗಲೂ ಹೊರದೇಶಗಳಿಗೆ ಜೀನು ಕಳಿಸುತ್ತದೆ. ಅಲ್ಲಿ ಉತ್ತಮದ್ದೂ ಇದೆ, ಕಳಪೆಯೂ ಇದೆ. ಆನ್‌ಲೈನಿನಲ್ಲಿ ತೀರಾ ಅಗ್ಗಕ್ಕೆ ಸಿಗುವುದು ಎರಡನೆಯದೇ. ಅಷ್ಟೇ ದುಡ್ಡಿಗೆ ಚೆನ್ನಾಗಿ ನೋಡಿಕೊಂಡ ಹಳೆಯ ಜೀನು ಸಿಕ್ಕರೆ ನಾನು ಕಣ್ಣುಮುಚ್ಚಿ ಹಳೆಯದನ್ನೇ ಆರಿಸುತ್ತೇನೆ. ಕಾರಣ ಹೊಲಿಗೆ. ಕೈಹೊಲಿಗೆಯಲ್ಲಿ ಮೇಣ ಹಚ್ಚಿದ ಒಂದೇ ದಾರದ ಎರಡು ತುದಿಗೆ ಎರಡು ಸೂಜಿ ಕಟ್ಟಿ, ಒಂದೇ ತೂತಿನಲ್ಲಿ ಆ ಕಡೆಯಿಂದ ಈ ಕಡೆಯಿಂದ ಹಾಯಿಸಿ ಬಿಗಿದಿರುತ್ತಾರೆ. ಒಂದು ಹೊಲಿಗೆ ಕಿತ್ತರೂ ಪಕ್ಕದ್ದು ಬಿಡುವುದಿಲ್ಲ. ಮೆಷಿನ್ ಹೊಲಿಗೆ ಒಂದು ಕಡೆ ಬಿಟ್ಟರೆ ಮುಂದಕ್ಕೂ ಬಿಚ್ಚುತ್ತಾ ಹೋಗುತ್ತದೆ. ಹೊಟ್ಟೆಪಟ್ಟಿ ಸಿಕ್ಕಿಸುವ ಬಾರುಗಳ ಬುಡದಲ್ಲಿ ಈ ವ್ಯತ್ಯಾಸ ಪ್ರಾಣದ ಪ್ರಶ್ನೆ.

ರಿಕಾಪಿನ ಬಾರುಗಳನ್ನು ಜೋಡಿಯಾಗಿ ನೇತುಹಾಕಿ ಫೋಟೊ ತೆಗೆಸಿ. ಸಾಮಾನ್ಯವಾಗಿ ಕುದುರೆ ಹತ್ತುವುದು ಎಡಗಡೆಯಿಂದ, ಮೈಭಾರವೆಲ್ಲ ಎಡ ಬಾರಿನ ಮೇಲೆ ಬೀಳುತ್ತದೆ. ಎಡಬಲ ಬದಲಾಯಿಸದೆ ವರ್ಷಗಟ್ಟಲೆ ಬಳಸಿದ್ದರೆ ಒಂದು ಬಾರು ಹಿಗ್ಗಿ ಇನ್ನೊಂದಕ್ಕಿಂತ ಉದ್ದವಾಗಿರುತ್ತದೆ. ಹಿಂದಿನ ಯಜಮಾನ ಜೀನನ್ನು ಹೇಗೆ ಇಟ್ಟುಕೊಂಡಿದ್ದ ಅನ್ನುವುದು ಇದೊಂದರಲ್ಲೇ ಗೊತ್ತಾಗುತ್ತದೆ. ಬಾರನ್ನು ಮಡಚಿದಾಗ ಬಿರುಕು ಬಿಟ್ಟರೆ ಆ ಚರ್ಮ ಒಣಗಿ ಸತ್ತಿದೆ. ಎಣ್ಣೆ ಹಾಕಿದರೆ ಬದುಕುವುದಿಲ್ಲ.

ಸಾಗಣೆಯ ವಿಷಯ ಚಿಕ್ಕದು, ಆದರೆ ಕಿಸೆಗೆ ದೊಡ್ಡದು. ಕೊರಿಯರಿನವರಲ್ಲಿ ಅನೇಕರು ಪೆಟ್ಟಿಗೆಯ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸುತ್ತಾರೆ. 60, 50, 45ರ ಪೆಟ್ಟಿಗೆಯಾದರೆ 27 ಕೆಜಿಯ ಬಾಡಿಗೆ, ಒಳಗಿನ ಜೀನು ತೂಗುವುದು ಎಂಟೋ ಹತ್ತೋ. ಕೆಎಸ್‌ಆರ್‌ಟಿಸಿಯ ‘ನಮ್ಮ ಕಾರ್ಗೋ’ದಲ್ಲಿ ದರ ಕೇಳಿ ನೋಡಿ, ಬಸ್ ಸ್ಟ್ಯಾಂಡಿನಲ್ಲಿ ಬಿಡಿಸಿಕೊಳ್ಳಬಹುದು. ಎಲ್ಲಕ್ಕಿಂತ ಮೇಲು ಹೋಗಿ ನೋಡಿ ತರುವುದು. ಊಟಿಯಲ್ಲಿ ಜೀನು ನೋಡಲು ಹೋಗುವ ನಮ್ಮವರಿಗೆ ಒಂದು ಮಾತು. ರಾತ್ರಿ 9ಕ್ಕೆ ಬಂಡೀಪುರದ ರಸ್ತೆ ಮುಚ್ಚಿದರೆ ತೆರೆಯುವುದು ಬೆಳಿಗ್ಗೆ 6ಕ್ಕೆ, ಇದು ಮಾರುವವನಿಗೂ ಗೊತ್ತು. ಸಂಜೆ ಹೋಗಿ ಚೌಕಾಸಿಗೆ ಕೂತರೆ ಗೆಲ್ಲುವವನು ಅವನೇ.

ಮುಂಗಡ ಕಳಿಸುವ ವಿಷಯಕ್ಕೆ ಬಂದರೆ, ‘ನಾನು ಆರ್ಮಿಯವನು, ಟ್ರಾನ್ಸ್‌ಫರ್ ಆಗಿದೆ, ಜೀನು ಕೊಟ್ಟುಬಿಡುತ್ತಿದ್ದೇನೆ’ ಎನ್ನುವ ನಾಟಕ ಹಳೆಯದು. ಸೋಫಾ, ಸ್ಕೂಟರಿನಲ್ಲಿ ನಡೆದದ್ದು ಈ ಸರಕಿಗೆ ಇನ್ನೂ ಸಲೀಸು, ಮಿಲಿಟರಿ ಜೀನನ್ನು ಮಿಲಿಟರಿಯವನೇ ಮಾರುತ್ತಿದ್ದಾನೆ ಎಂದರೆ ಯಾರು ಅನುಮಾನಿಸುತ್ತಾರೆ? ನೀವು ಮಾರುವವರಾದರೆ ನಾಟಕ ತಿರುಗುಮುರುಗು. ಕೊಳ್ಳುವವನು ಕ್ಯೂಆರ್ ಕೋಡ್ ಕಳಿಸಿ ಸ್ಕ್ಯಾನ್ ಮಾಡಿ ಪಿನ್ ಒತ್ತಿ, ದುಡ್ಡು ಬರುತ್ತದೆ ಅನ್ನುತ್ತಾನೆ. ಯುಪಿಐಯಲ್ಲಿ ದುಡ್ಡು ಬರುವುದಕ್ಕೆ ಪಿನ್ ಬೇಕಿಲ್ಲ, ಹೋಗುವುದಕ್ಕೆ ಬೇಕು. ಕಳಕೊಂಡರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.

ಬಂದ ಸಾಮಾನನ್ನು ನೇರವಾಗಿ ಕುದುರೆಗೆ ಕಟ್ಟಬೇಡಿ. ಗಜಕರ್ಣದಂಥ ಚರ್ಮರೋಗ ಹೊಟ್ಟೆಪಟ್ಟಿಯಲ್ಲೇ ಪ್ರಯಾಣ ಮಾಡುತ್ತದೆ. ಗ್ಲಾಂಡರ್ಸ್ ಇನ್ನೂ ಕೆಟ್ಟದ್ದು. ಅದು ಮನುಷ್ಯರಿಗೂ ಹತ್ತುತ್ತದೆ, ರೋಗ ಬಂದ ಕುದುರೆಯನ್ನು ಕಾನೂನಿನ ಪ್ರಕಾರ ಉಳಿಸಿಕೊಳ್ಳುವಂತಿಲ್ಲ. ಕಬ್ಬಿಣ, ಸ್ಟೀಲಿನದ್ದನ್ನು ಕುದಿಸಿ. ಬಟ್ಟೆಯದನ್ನು ಒಗೆದು ಸೋಂಕುನಾಶಕದಲ್ಲಿ ನೆನೆಸಿ. ಚರ್ಮವನ್ನು ಗ್ಲಿಸರಿನ್ ಸೋಪಿನಲ್ಲಿ ಒರೆಸಿ ನೆರಳಿನಲ್ಲೇ ಒಣಗಿಸಿ, ಆಮೇಲೆ ಎಣ್ಣೆಯನ್ನು ಕೈಬಿಗಿ ಹಿಡಿದು ಹಚ್ಚಿ. ಎಣ್ಣೆ ಅತಿಯಾದರೆ ಹೊಲಿಗೆಯ ದಾರ ಕೊಳೆಯುತ್ತದೆ.

ಕೊನೆಗೆ ಕಡಿವಾಣ. ಹಳೆ ಸರಂಜಾಮಿನ ಮೂಟೆ ಕೊಂಡಾಗ ಅದರಲ್ಲಿ ಮುಳ್ಳಿನ ಕಡಿವಾಣ ಬರುವುದುಂಟು. ನೋಡಿದರೆ ಬಾಯೊಳಗೆ ಇಡುವ ವಸ್ತು ಎಂದು ನಂಬಲಾಗುವುದಿಲ್ಲ. ಸಲಾಕೆಯ ಸುತ್ತ ಮೊನಚು ಹಲ್ಲುಗಳು, ಲಗಾಮು ಜಗ್ಗಿದಾಗೆಲ್ಲ ನಾಲಿಗೆಗೂ ತುಟಿಗೂ ಚುಚ್ಚುತ್ತವೆ. ಮದುವೆ ಮೆರವಣಿಗೆಯಲ್ಲಿ ಕುದುರೆ ಕುಣಿಯುತ್ತದೆ ಎಂದು ಜನ ಚಪ್ಪಾಳೆ ಹೊಡೆಯುವಾಗ ಅದರ ಬಾಯಲ್ಲಿ ಇದೇ ಇರಬಹುದು. ಭಾರ ಎಳೆಯುವ ಮತ್ತು ಹೊರುವ ಪ್ರಾಣಿಗಳ ಮೇಲಿನ ಹಿಂಸೆ ತಡೆಯುವ 1965ರ ನಿಯಮಗಳು ಮುಳ್ಳಿನ ಕಡಿವಾಣದ ಬಳಕೆಯನ್ನು ನಿಷೇಧಿಸಿವೆ. ಆದರೂ ‘ಆ್ಯಂಟಿಕ್ ಹಾರ್ಸ್ ಬಿಟ್’ ಎಂಬ ಹೆಸರಿನಲ್ಲಿ ಅದು ಕಾಣಿಸಿಕೊಳ್ಳುತ್ತದೆ. ಅಂಥ ಜಾಹೀರಾತು ಕಂಡರೆ ಅಲ್ಲೇ ರಿಪೋರ್ಟ್ ಒತ್ತಿ. ನಿಮ್ಮ ಮೂಟೆಯಲ್ಲೇ ಬಂದಿದ್ದರೆ ಹಾಗೇ ಗುಜರಿಗೆ ಹಾಕಬೇಡಿ, ಗುಜರಿಯವನು ಅದನ್ನು ಮತ್ತೆ ಮಾರಿಯಾನು. ಸಂತೇಮರಹಳ್ಳಿಗೋ ಚಾಮರಾಜನಗರಕ್ಕೋ ಹೋದಾಗ ಯಾವುದಾದರೂ ವೆಲ್ಡಿಂಗ್ ಅಂಗಡಿಯಲ್ಲಿ ಕೊಟ್ಟು ಎರಡು ತುಂಡು ಮಾಡಿಸಿ, ಆಮೇಲೆ ತೂಕಕ್ಕೆ ಹಾಕಿ.