ಫಲಾಗಮ ತಪ್ಪಿದ ಆಟ

ಉಸಿರು ಬಿಗಿಹಿಡಿದು ನೋಡಿದ ಫುಟ್‌ಬಾಲ್ ಪಂದ್ಯ ಮುಗಿದೊಡನೆ ‘ಥೇಟ್ ಸಿನಿಮಾ ಇದ್ದ ಹಾಗಿತ್ತು’ ಎನ್ನುವುದು ನಮ್ಮಲ್ಲಿ ವಾಡಿಕೆ. ಹೊಗಳಿಕೆಯೆಂದೇ ಆಡುವ ಮಾತು. ಆದರೆ ಹೋಲಿಕೆ ಯಾವುದರಲ್ಲಿ, ಎಲ್ಲಿಯವರೆಗೆ ಎಂದು ಯಾರೂ ವಿಚಾರಿಸುವುದಿಲ್ಲ. ವಿಚಾರಿಸಿದರೆ ಕ್ರೀಡೆಯ ಚಿತ್ರಗಳಲ್ಲಿರುವ ಒಂದು ಕೊರತೆ ತಾನಾಗಿ ಕಣ್ಣಿಗೆ ಬೀಳುತ್ತದೆಂದು ನನ್ನ ಎಣಿಕೆ.

2007ರಲ್ಲಿ ತೆರೆಕಂಡ ‘ಚಕ್ ದೇ! ಇಂಡಿಯಾ’ವನ್ನು ನೆನೆಯಿರಿ. ಪಾಕಿಸ್ತಾನದ ಎದುರಿನ ಪಂದ್ಯದಲ್ಲಿ ಹಾಕಿ ತಂಡದ ನಾಯಕ ಕಬೀರ್ ಖಾನ್ ಕೊನೆಯ ಪೆನಾಲ್ಟಿ ಹೊಡೆತದಲ್ಲಿ ಗುರಿ ತಪ್ಪುತ್ತಾನೆ. ಅವನ ಮತವನ್ನು ಎತ್ತಿ ಆಡಿ ಜನ ದ್ರೋಹಿಯೆನ್ನುತ್ತಾರೆ; ತಾಯಿಯೊಡನೆ ಮನೆ ಬಿಟ್ಟು ಹೊರಡುತ್ತಾನೆ. ಏಳು ವರ್ಷಗಳ ಮೇಲೆ ಮಹಿಳಾ ತಂಡದ ತರಬೇತುದಾರನಾಗಿ ಮರಳಿ, ಪೆನಾಲ್ಟಿ ಹೊಡೆತಗಳಲ್ಲೇ ವಿಶ್ವಕಪ್ ಗೆಲ್ಲಿಸುತ್ತಾನೆ. ನಮ್ಮ ಹಳೆಯ ಲಾಕ್ಷಣಿಕರು ನಾಟಕದ ಕಥೆಗೆ ಹೇಳಿದ ಐದು ಅವಸ್ಥೆಗಳು, ಎಂದರೆ ಆರಂಭ, ಯತ್ನ, ಪ್ರಾಪ್ತ್ಯಾಶೆ, ನಿಯತಾಪ್ತಿ, ಫಲಾಗಮ, ಇಲ್ಲಿ ಕ್ರಮ ತಪ್ಪದೆ ಬರುತ್ತವೆ. ಜೈದೀಪ್ ಸಾಹನಿಯವರ ಬರವಣಿಗೆ ಅಚ್ಚುಕಟ್ಟಾದುದು. ಅದನ್ನು ಹಳಿಯುವುದು ನನ್ನ ಉದ್ದೇಶವಲ್ಲ.

ಈ ಕಥೆಯ ಮೊದಲಂಕದಂಥದೇ ಒಂದು ಪ್ರಸಂಗ ಚಿತ್ರಕ್ಕೆ ಹನ್ನೊಂದು ವರ್ಷ ಮೊದಲೇ ಲಂಡನ್ನಿನ ವೆಂಬ್ಲಿ ಮೈದಾನದಲ್ಲಿ ನಡೆದಿತ್ತು. 1996ರ ಯೂರೋಪಿಯನ್ ಚಾಂಪಿಯನ್‌ಷಿಪ್ಪಿನ ಸೆಮಿಫೈನಲ್. ಇಂಗ್ಲೆಂಡು, ಜರ್ಮನಿ ಸಮಸಮ. ಪೆನಾಲ್ಟಿಗಳ ಸರದಿಯಲ್ಲಿ ಇಂಗ್ಲೆಂಡಿನ ಆರನೆಯ ಒದೆತ ಗ್ಯಾರೆತ್ ಸೌತ್‌ಗೇಟರದು. ಗೋಲ್‌ಕೀಪರ್ ಅದನ್ನು ತಡೆದರು, ಇಂಗ್ಲೆಂಡ್ ಸೋತಿತು. ಇಪ್ಪತ್ತೆರಡು ವರ್ಷಗಳ ಮೇಲೆ, 2018ರ ವಿಶ್ವಕಪ್ಪಿಗೆ, ಅದೇ ಸೌತ್‌ಗೇಟ್ ಇಂಗ್ಲೆಂಡಿನ ತರಬೇತುದಾರರು. ಮಾಸ್ಕೋದಲ್ಲಿ ಕೊಲಂಬಿಯದ ಎದುರು ಪೆನಾಲ್ಟಿಗಳಲ್ಲಿ 4–3ರ ಜಯ. ವಿಶ್ವಕಪ್ಪಿನಲ್ಲಿ ಇಂಗ್ಲೆಂಡ್ ಹೀಗೆ ಗೆದ್ದದ್ದು ಅದೇ ಮೊದಲು. ಸಿನಿಮಾ ಆಗಿದ್ದರೆ ಇಲ್ಲಿಗೆ ಥಿಯೇಟರಿನ ದೀಪ ಹತ್ತುತ್ತಿತ್ತು.

ಮೈದಾನದಲ್ಲಿ ದೀಪ ಹತ್ತಲಿಲ್ಲ. 2021ರ ಜುಲೈ 11ರಂದು, ಹೊಸದಾಗಿ ಕಟ್ಟಿದ ಅದೇ ವೆಂಬ್ಲಿಯಲ್ಲಿ, ಇಟಲಿಯ ಎದುರು ಯೂರೋಪಿಯನ್ ಫೈನಲ್. ಮತ್ತೆ ಸಮ, ಮತ್ತೆ ಪೆನಾಲ್ಟಿ. ರಾಷ್‌ಫರ್ಡ್, ಸ್ಯಾಂಚೊ, ಸಾಕಾ, ಮೂವರೂ ತಪ್ಪಿದರು. ಸಾಕಾಗೆ ಆಗ ಹತ್ತೊಂಬತ್ತು ವರ್ಷ. ಮೂವರೂ ಕರಿಯ ತರುಣರು; ಪಂದ್ಯ ಮುಗಿಯುತ್ತಲೇ ಅವರ ಮೇಲೆ ವರ್ಣದ್ವೇಷದ ಬೈಗುಳ ಸುರಿಯಿತು. ಕಬೀರ್ ಖಾನನ ಪ್ರಸಂಗ ಬೇರೆ ಹೆಸರಿನಲ್ಲಿ ಮರಳಿ ಬಂದಿತ್ತು. ಸೌತ್‌ಗೇಟ್ ಸಾಕಾರನ್ನು ತಬ್ಬಿ ನಿಂತರು. ಯಾರು ಒದೆಯಬೇಕೆಂದು ಆರಿಸಿದವನು ತಾನು, ಹೊಣೆಯೂ ತನ್ನದೆಂದರು. 2024ರಲ್ಲಿ ಮತ್ತೊಂದು ಯೂರೋಪಿಯನ್ ಫೈನಲನ್ನೂ ಸೋತು ಹುದ್ದೆ ಬಿಟ್ಟರು. ಫಲಾಗಮ ಆಗಲೇ ಇಲ್ಲ.

ಇಲ್ಲಿ ಒಂದು ಪ್ರಶ್ನೆ. ಚಿತ್ರದ ಕೊನೆಯ ಹೊಡೆತವನ್ನು ಆ ಗೋಲ್‌ಕೀಪರ್ ಹುಡುಗಿ ತಡೆಯದೆ ಹೋಗಿದ್ದರೆ? ಕಬೀರನಿಗಾದ ಅಪಮಾನ ನ್ಯಾಯವೇ ಆಗಿಬಿಡುತ್ತಿತ್ತೆ? ಗೆದ್ದುದರಿಂದ ಅವನ ದೇಶಭಕ್ತಿ ಸಿದ್ಧವಾಯಿತೆಂದರೆ, ಮನುಷ್ಯನ ಮಾನವನ್ನು ಒಂದು ಕಪ್ಪಿಗೆ ಅಡವಿಟ್ಟಂತಾಯಿತು. ಚಿತ್ರ ಈ ಪ್ರಶ್ನೆಯನ್ನು ಗೆಲುವಿನ ಗದ್ದಲದಲ್ಲಿ ಮುಚ್ಚುತ್ತದೆ. ಸೋತವನಿಗೂ ಮಾನವುಂಟು ಎಂಬುದನ್ನು ಹೇಳಿದ್ದು ವೆಂಬ್ಲಿ.

ಗೆದ್ದವರ ಕಥೆಯೂ ತೆರೆಯ ಲೆಕ್ಕಕ್ಕೆ ಸುಲಭವಾಗಿ ಸಿಕ್ಕುವುದಿಲ್ಲ. ಜಾನ್ ಹ್ಯೂಸ್ಟನ್ನರ ‘ಎಸ್ಕೇಪ್ ಟು ವಿಕ್ಟರಿ’ (1981) ಚಿತ್ರದಲ್ಲಿ ಯುದ್ಧಕೈದಿಗಳ ತಂಡ ಜರ್ಮನರೊಡನೆ ಆಡುತ್ತದೆ. ಪೆಟ್ಟು ತಿಂದು ಹೊರಗೆ ಕುಳಿತಿದ್ದ ಪೆಲೆ ಮರಳಿ ಬಂದು ಗೋಲು ಹೊಡೆಯುತ್ತಾರೆ. ಗೋಲ್‌ಕೀಪರ್ ಕೊನೆಯ ಪೆನಾಲ್ಟಿ ತಡೆಯುತ್ತಾನೆ. ಜನ ನುಗ್ಗಿ ಕೈದಿಗಳನ್ನು ಬಿಡಿಸಿಕೊಂಡು ಹೋಗುತ್ತಾರೆ. ನಿಜದ ಕೈದಿ ಇದಕ್ಕೆ ತಿರುಗುಮುರುಗು. ಬರ್ಟ್ ಟ್ರಾಟ್‌ಮನ್ ಇಂಗ್ಲೆಂಡಿನಲ್ಲಿ ಸೆರೆಯಾಗಿದ್ದ ಜರ್ಮನ್ ಸೈನಿಕ. ಬಿಡುಗಡೆಯಾದ ಮೇಲೂ ಅಲ್ಲೇ ಉಳಿದು 1949ರಲ್ಲಿ ಮ್ಯಾಂಚೆಸ್ಟರ್ ಸಿಟಿ ಸೇರಿದಾಗ ಸಾವಿರಾರು ಜನ ಪ್ರತಿಭಟಿಸಿದರು. ಅವರ ಪರವಾಗಿ ಬಹಿರಂಗ ಪತ್ರ ಬರೆದವರು ನಗರದ ಯಹೂದಿ ಗುರು ಅಲೆಕ್ಸಾಂಡರ್ ಆಲ್ಟ್‌ಮನ್. 1956ರ ಎಫ್.ಎ. ಕಪ್ ಫೈನಲಿನಲ್ಲಿ, ಆಟ ಇನ್ನೂ ಕಾಲು ಗಂಟೆಗಿಂತ ಹೆಚ್ಚು ಉಳಿದಿರುವಾಗ, ಎದುರಾಳಿಯ ಕಾಲಿಗೆ ಬಿದ್ದು ಚೆಂಡು ಹಿಡಿದ ಟ್ರಾಟ್‌ಮನ್ನರ ಕುತ್ತಿಗೆಗೆ ಏಟಾಯಿತು. ಬದಲಿ ಆಟಗಾರನಿಗೆ ಆಗ ಅವಕಾಶವಿರಲಿಲ್ಲ; ನೋವಿನಲ್ಲೇ ಆಡಿ ಮುಗಿಸಿದರು. ಸಿಟಿ 3–1ರಿಂದ ಗೆದ್ದಿತು. ಕುತ್ತಿಗೆಯ ಮೂಳೆ ಮುರಿದಿತ್ತೆಂದು ತಿಳಿದದ್ದು ಕೆಲವು ದಿನಗಳ ಮೇಲೆ, ಎಕ್ಸ್-ರೇಯಲ್ಲಿ. ಕೆಲವೇ ವಾರಗಳಲ್ಲಿ ಅವರ ಐದು ವರ್ಷದ ಮಗ ರಸ್ತೆ ಅಪಘಾತದಲ್ಲಿ ತೀರಿಕೊಂಡ. ಗೆಲುವಿನ ಬೆನ್ನಿಗೇ ಅಂಥ ಸಾವನ್ನು ಯಾವ ಚಿತ್ರಕಥೆಗಾರನೂ ಕಲ್ಪಿಸಿ ಬರೆಯಲಾರ. ಔಚಿತ್ಯ ಕೆಡುತ್ತದೆಂದು ಅಳುಕುತ್ತಾನೆ. 2018ರಲ್ಲಿ ಅವರನ್ನು ಕುರಿತು ಬಂದ ‘ದಿ ಕೀಪರ್’ ಆ ಮರಣವನ್ನು ಬಿಡದೆ ತೋರಿಸಿತು. ಅದು ಆ ಚಿತ್ರದ ಹೆಚ್ಚುಗಾರಿಕೆ.

ಸೋತವನನ್ನು ಕಾಣುವ ಕಣ್ಣು ಕನ್ನಡಿಗರಿಗೆ ಹೊಸದಲ್ಲ. ರನ್ನನ ‘ಗದಾಯುದ್ಧ’ದಲ್ಲಿ ಪಟ್ಟ ಭೀಮನಿಗೆ, ಓದುವವನ ಮನಸ್ಸು ಮಾತ್ರ ಹೆಣಗಳ ನಡುವೆ ತೊಡರುತ್ತ ನಡೆಯುವ ದುರ್ಯೋಧನನ ಹಿಂದೆ ಹೋಗುತ್ತದೆ. ಗೆಲುವಿನ ಕಾವ್ಯವನ್ನೇ ಬರೆಯಹೊರಟ ಕವಿ ಸಾವಿರ ವರ್ಷಗಳ ಹಿಂದೆ ಸೋಲಿಗೆ ಇಷ್ಟು ಎಡೆಕೊಟ್ಟ. ಸೌತ್‌ಗೇಟರ ಕಥೆಯನ್ನು ರಂಗಭೂಮಿ ಆಗಲೇ ಎತ್ತಿಕೊಂಡಿದೆ. ಜೇಮ್ಸ್ ಗ್ರಹಾಮರ ‘ಡಿಯರ್ ಇಂಗ್ಲೆಂಡ್’ ನಾಟಕ 2023ರಲ್ಲಿ ಲಂಡನ್ನಿನಲ್ಲಿ ಆಡಲ್ಪಟ್ಟಿತು. ಆಟವನ್ನು ಕುರಿತು ಚಿತ್ರ ತೆಗೆಯುವ ನಮ್ಮವರೂ ಕಪ್ಪು ಕೈತಪ್ಪಿದ ಒಂದು ರಾತ್ರಿಯಲ್ಲಿ ಕಥೆ ನಿಲ್ಲಿಸುವ ಧೈರ್ಯ ಮಾಡಬೇಕು. ನೋಡಲು ಜನ ಬರುತ್ತಾರೆ. ನಮ್ಮಲ್ಲಿ ಹೆಚ್ಚಿನವರು ಬಲ್ಲದ್ದು ಆ ರಾತ್ರಿಯನ್ನೇ.